ಮನೆಗೆ ಬಂದ ಮರ

ಹೆಸರಿಗೂ ವಸ್ತುವಿಗೂ ಇರುವ ಸಂಬಂಧ ಬಹಳ ವಿಚಿತ್ರವಾದುದು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಬೆಟ್ಟಸೀಮೆಯಲ್ಲಿ ‘ಹೊಸ ಹೊಳೆ’ ಎಂದು ಹೆಸರಾದ ನದಿಯೊಂದಿದೆ; ಪ್ರಪಂಚದ ಅತಿ ಪ್ರಾಚೀನ ನದಿಗಳಲ್ಲಿ ಅದೂ ಒಂದು ಎಂದು ತಿಳಿದವರು ಹೇಳುತ್ತಾರೆ. ಅದೇ ದೇಶದ ಪಶ್ಚಿಮ ಭಾಗದಲ್ಲಿ ಡಗ್ಲಸ್ ಫರ್ ಎಂಬ ಮರವುಂಟು. ಸಸ್ಯಶಾಸ್ತ್ರಜ್ಞರು ಅದನ್ನು ಫರ್ ಕುಲಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. ಅದಕ್ಕೆ ಅವರು ಕೊಟ್ಟ ಲ್ಯಾಟಿನ್ ಹೆಸರು ‘ಹುಸಿ’ ಎಂಬ ವಿಶೇಷಣದಿಂದಲೇ ಆರಂಭವಾಗುತ್ತದೆ. ಈ ಸಾಲಿಗೆ ಸೇರಿಸಬಹುದಾದ ಮತ್ತೊಂದು ಹೆಸರು ‘ನಿಜವಾದ ಕ್ರಿಸ್ಮಸ್ ಮರ’.

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಆ ದೇಶದಲ್ಲಿ ನೆರೆಹೊರೆಯವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಇದು: “ಈ ವರ್ಷ ನಿಮ್ಮದು ನಿಜವಾದ ಮರವೋ, ಕೃತಕವೋ?” ಕೃತಕವಾದದ್ದು ಪ್ಲಾಸ್ಟಿಕ್ಕಿನದು. ಅದು ಮೂರು ತುಂಡಾಗಿ ಪೆಟ್ಟಿಗೆಯಿಂದ ಹೊರಬರುತ್ತದೆ, ಹಬ್ಬ ಮುಗಿದೊಡನೆ ಮತ್ತೆ ಪೆಟ್ಟಿಗೆ ಸೇರುತ್ತದೆ, ಹೀಗೆ ಹತ್ತಾರು ವರ್ಷ ಬಾಳುತ್ತದೆ. ನಿಜವಾದದ್ದೋ, ತೋಟದಲ್ಲಿ ಬೆಳೆದು, ಬುಡದಲ್ಲಿ ಕಡಿಸಿಕೊಂಡು ಮನೆಗೆ ಬಂದು, ನಾಲ್ಕೈದು ವಾರ ಹಸುರಾಗಿದ್ದು ಒಣಗಿಹೋಗುತ್ತದೆ. ಕೆಡದೆ ಉಳಿಯುವುದು ಹುಸಿ, ಕಣ್ಣೆದುರಿನಲ್ಲೇ ಬಾಡುವುದು ನಿಜ! ನಿತ್ಯವಾದುದೇ ಸತ್ಯ, ಅನಿತ್ಯವಾದುದು ಮಿಥ್ಯೆ ಎಂದು ಕೇಳುತ್ತ ಬೆಳೆದ ನಮ್ಮಂಥವರಿಗೆ ಇದು ತಲೆಕೆಳಗಾದ ವೇದಾಂತವಾಗಿ ಕಾಣುವುದು ಸಹಜ. ಈ ವೇದಾಂತವನ್ನು ಸಮೀಪದಿಂದ ನೋಡುವ ಅವಕಾಶ ೨೦೨೪ರ ಡಿಸೆಂಬರಿನಲ್ಲಿ ನನಗೆ ಒದಗಿತು.

ನನ್ನ ತಂಗಿಯ ಸಂಸಾರವಿರುವುದು ಉತ್ತರ ಕೆರೊಲಿನಾದ ಷಾರ್ಲಟ್ ನಗರದಲ್ಲಿ. ತಾಯಿಯವರನ್ನು ಕರೆದುಕೊಂಡು ಕೆಲವು ವಾರ ಅಲ್ಲಿದ್ದು ಬರಲು ಹೋಗಿದ್ದೆ. ಆ ಊರಿಗೆ ಹೆಸರು ಬಂದದ್ದು ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಪತ್ನಿ ಷಾರ್ಲಟ್ ರಾಣಿಯಿಂದ. ಈಕೆ ಜರ್ಮನ್ ಸೀಮೆಯ ಹೆಣ್ಣು. ಶ್ರೀರಂಗಪಟ್ಟಣ ಬಿದ್ದುದರ ಮರುವರ್ಷ, ಎಂದರೆ ೧೮೦೦ನೆಯ ಇಸವಿಯ ಡಿಸೆಂಬರಿನಲ್ಲಿ, ವಿಂಡ್ಸರಿನ ತನ್ನ ವಸತಿಯಲ್ಲಿ ಮಕ್ಕಳಿಗಾಗಿ ಒಂದು ಯೂ ಮರವನ್ನು ನಿಲ್ಲಿಸಿ, ಹಣ್ಣು, ಮಿಠಾಯಿ, ಆಟದ ಸಾಮಾನು, ಮೇಣದಬತ್ತಿಗಳಿಂದ ಅಲಂಕರಿಸಿದಳು. ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ಮರದ ವಿಚಾರವಾಗಿ ದೊರೆಯುವ ಮೊದಮೊದಲ ವೃತ್ತಾಂತಗಳಲ್ಲಿ ಅದು ಮುಖ್ಯವಾದದ್ದು. ತವರುಮನೆಯ ಪದ್ಧತಿಯೊಂದನ್ನು ಹೆಣ್ಣುಮಗಳು ಗಂಡನ ಮನೆಗೆ ತಂದ ಕಥೆ ಇದು. ನಮ್ಮಲ್ಲಿಯೂ ಎಷ್ಟು ಹಬ್ಬಗಳು, ಎಷ್ಟು ಅಡುಗೆಗಳು ಹೀಗೆಯೇ ಊರಿಂದೂರಿಗೆ ಪ್ರಯಾಣ ಮಾಡಿಲ್ಲ?

ಈ ಮರದ ಹಳೆಯ ಚರಿತ್ರೆ ನಮ್ಮನ್ನು ಜರ್ಮನಿಯ ಗಡಿಯ ಆಲ್ಸೇಸ್ ಪ್ರಾಂತಕ್ಕೆ ಕರೆದೊಯ್ಯುತ್ತದೆ. ಅಲ್ಲಿಯ ಸೆಲೆಸ್ತಾ ಎಂಬ ಪಟ್ಟಣದ ೧೫೨೧ರ ಲೆಕ್ಕದ ಪುಸ್ತಕದಲ್ಲಿ, ಕ್ರಿಸ್ಮಸ್ ಸಮಯದಲ್ಲಿ ಜನ ಮರಗಳನ್ನು ಕಡಿದುಕೊಂಡು ಹೋಗದಂತೆ ಕಾಯುವುದಕ್ಕಾಗಿ ಅರಣ್ಯದ ಕಾವಲುಗಾರರಿಗೆ ನಾಲ್ಕು ಷಿಲಿಂಗು ಕೊಟ್ಟ ಬಾಬು ನಮೂದಾಗಿದೆ. ಮರವನ್ನು ಮನೆಗೆ ತರುವ ಆಸೆಯೂ, ಅದನ್ನು ಕಡಿಯಗೊಡಬಾರದೆಂಬ ಆತಂಕವೂ ದಾಖಲೆಯ ಒಂದೇ ಸಾಲಿನಲ್ಲಿ ಜೊತೆಯಾಗಿ ಹುಟ್ಟಿವೆ ಎಂಬುದು ಗಮನಿಸತಕ್ಕ ಸಂಗತಿ. ೧೬೦೫ರ ಹೊತ್ತಿಗೆ ಅದೇ ಪ್ರಾಂತದ ಸ್ಟ್ರಾಸ್‌ಬರ್ಗಿನಲ್ಲಿ ಜನ ಫರ್ ಮರವನ್ನು ಮನೆಯ ಒಳಗೆ ನಿಲ್ಲಿಸಿ, ಬಣ್ಣದ ಕಾಗದದ ಗುಲಾಬಿ, ಸೇಬು, ಸಕ್ಕರೆಯ ತಿನಿಸುಗಳನ್ನು ತೂಗುಹಾಕುತ್ತಿದ್ದರೆಂದು ತಿಳಿದುಬರುತ್ತದೆ.

ಅಮೆರಿಕ ಇದನ್ನು ಸುಲಭವಾಗಿ ಒಪ್ಪಿಕೊಂಡಿತೆಂದು ಭಾವಿಸಬಾರದು. ಮ್ಯಾಸಚೂಸೆಟ್ಸಿನಲ್ಲಿ ನೆಲಸಿದ ಪ್ಯೂರಿಟನ್ ಪಂಥದವರು ೧೬೫೯ರಲ್ಲಿ ಕ್ರಿಸ್ಮಸ್ ಹಬ್ಬವನ್ನೇ ನಿಷೇಧಿಸಿ, ಆಚರಿಸಿದವರಿಗೆ ಐದು ಷಿಲಿಂಗು ದಂಡ ಗೊತ್ತುಮಾಡಿದ್ದರು. ಆ ಕಾನೂನು ರದ್ದಾದದ್ದು ೧೬೮೧ರಲ್ಲಿ. ಮುಂದೆ ೧೮೪೮ರಲ್ಲಿ ವಿಕ್ಟೋರಿಯಾ ರಾಣಿ, ಆಲ್ಬರ್ಟ್ ರಾಜಕುಮಾರ ಮತ್ತು ಅವರ ಮಕ್ಕಳು ಅಲಂಕೃತವಾದ ಮರದ ಸುತ್ತ ನಿಂತಿರುವ ಚಿತ್ರವೊಂದು ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. ೧೮೫೦ರಲ್ಲಿ ಅಮೆರಿಕದ ಮಹಿಳಾ ಮಾಸಪತ್ರಿಕೆಯೊಂದು ಅದೇ ಚಿತ್ರವನ್ನು ಅಚ್ಚುಹಾಕಿತು. ಆದರೆ ರಾಣಿಯ ತಲೆಯ ಮೇಲಿನ ಕಿರೀಟವನ್ನೂ ರಾಜಕುಮಾರನ ಮೀಸೆಯನ್ನೂ ತೆಗೆದುಹಾಕಿ, ಅವರನ್ನು ಯಾವುದೋ ಒಂದು ಅಮೆರಿಕನ್ ಸಂಸಾರವನ್ನಾಗಿ ಮಾಡಿತು! ಪರರ ಹಬ್ಬವನ್ನು ತಮ್ಮದಾಗಿ ಮಾಡಿಕೊಳ್ಳುವ ಕ್ರಮ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಕಂಡೀತು? ೧೮೭೦ರಲ್ಲಿ ಕ್ರಿಸ್ಮಸ್ ಅಲ್ಲಿಯ ಕೇಂದ್ರ ಸರ್ಕಾರದ ರಜಾದಿನವಾಯಿತು. ೧೮೮೨ರಲ್ಲಿ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ಎಂಬಾತ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ೮೦ ವಿದ್ಯುದ್ದೀಪಗಳನ್ನು ಕಟ್ಟಿ ಮೇಣದಬತ್ತಿಯ ಕಾಲಕ್ಕೆ ಕೊನೆ ಹಾಡಲು ಮೊದಲುಮಾಡಿದ.

ಮರವೊಂದನ್ನು ಕೆಲವು ದಿನದ ಮಟ್ಟಿಗೆ ಮನೆಯ ಬಂಧುವನ್ನಾಗಿ ಮಾಡಿಕೊಳ್ಳುವುದು ನಮಗೂ ಹೊಸದಲ್ಲ. ಮದುವೆಯ ಚಪ್ಪರಕ್ಕೆ ಹಾಲು ಒಸರುವ ಮರದ ಕೊಂಬೆಯನ್ನು ಪೂಜೆಮಾಡಿ ಕಡಿದು ತಂದು ಹಾಲುಗಂಬವೆಂದು ನೆಡುವುದುಂಟು. ಬಾಗಿಲಿಗೆ ಬಾಳೆಯ ಕಂದು, ಮಾವಿನ ತೋರಣ ಕಟ್ಟದೆ ನಮ್ಮ ಯಾವ ಶುಭವೂ ನಡೆಯದು. ವಿಜಯದಶಮಿಯ ದಿನ ಬನ್ನಿಯ ಎಲೆ ಬಂಗಾರವಾಗುತ್ತದೆ. ನಮ್ಮ ನಾಡಿನ ಕ್ರೈಸ್ತ ಬಂಧುಗಳಂತೂ ಕ್ರಿಸ್ಮಸ್ಸಿಗೆ ಫರ್ ಮರ ಸಿಕ್ಕಲಿಲ್ಲವೆಂದು ಕೊರಗಲಿಲ್ಲ. ಸರ್ವೆಯ ಕೊಂಬೆಯನ್ನು ನೆಟ್ಟು ನಕ್ಷತ್ರ ಕಟ್ಟಿದರು. ಮಂಗಳೂರಿನ ಮನೆಗಳಲ್ಲಿ ಗೋದಲಿಯೂ ಕುಸ್ವಾರಿನ ತಟ್ಟೆಯೂ ಸಿದ್ಧವಾದರೆ ಹಬ್ಬ ಪೂರ್ಣವಾಯಿತು.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ತಂಗಿಯ ಮನೆಯಲ್ಲಿ ಆ ವರ್ಷ ‘ನಿಜವಾದ ಮರ’ ತರಬೇಕೇ ಬೇಡವೇ ಎಂಬುದು ದೊಡ್ಡ ಚರ್ಚೆಯ ವಿಷಯವಾಗಿತ್ತು. ಅವರ ಮನೆಯಲ್ಲಿ ಪ್ಲಾಸ್ಟಿಕ್ ಮರವೊಂದು ಏಳೆಂಟು ವರ್ಷದಿಂದ ಇತ್ತು. ಒಂದು ರೆಂಬೆ ಮುರಿದು, ತುದಿ ವಾಲಿ, ತನ್ನ ಸೇವಾವಧಿಯನ್ನು ಮುಗಿಸಿತ್ತು. ಹತ್ತು ವರ್ಷದ ಸೋದರಸೊಸೆ ಈ ಬಾರಿ ನಿಜವಾದ ಮರವೇ ಬೇಕೆಂದು ಅರ್ಜಿ ಹಾಕಿದ್ದಳು. ಆರು ವರ್ಷದ ತಮ್ಮ ಅದಕ್ಕೆ ಅನುಮೋದಕ. ಮನೆ ತುಂಬ ಸೂಜಿಯೆಲೆ ಉದುರುತ್ತದೆ ಎಂದು ತಂದೆಯ ಆಕ್ಷೇಪಣೆ. ತಂಗಿಯ ಸಂಕೋಚ ಬೇರೆಯದು. “ಅಣ್ಣ, ಪೆಟ್ಟಿಗೆಯ ಮರವಾದರೆ ಮಕ್ಕಳ ಆಟ ಎಂದು ಇಟ್ಟುಕೊಳ್ಳಬಹುದು, ಬೆಟ್ಟಕ್ಕೆ ಹೋಗಿ ಆರಿಸಿ ತಂದರೆ ಅದು ನಮ್ಮ ಹಬ್ಬವೇ ಆಗಿಬಿಡುತ್ತದಲ್ಲ” ಎಂದಳು. ಈ ಮಾತಿನ ಹಿಂದೆ ಇದ್ದ ಅಳುಕು ಸಣ್ಣದಲ್ಲ. ಗೌರಿಯ ಬಾಗಿನಕ್ಕೆ ಮೊರ ಸಿಕ್ಕದ ಊರಿನಲ್ಲಿ, ಇನ್ನೊಬ್ಬರ ಹಬ್ಬ ಇಷ್ಟು ಸಲೀಸಾಗಿ ಮನೆ ಹೊಕ್ಕರೆ ತನ್ನ ತಾಯಿ ತನಗೆ ಕೊಟ್ಟದ್ದನ್ನು ತಾನು ಮಕ್ಕಳಿಗೆ ಕೊಡಲಾರದೆ ಹೋದೇನೋ ಎಂಬ ಭಯ ಅದು.

ಮಕ್ಕಳ ಇಂಥ ಅರ್ಜಿಗಳಿಗೆ ದೊಡ್ಡ ಮನೆತನದ ಪೂರ್ವನಿದರ್ಶನವಿದೆ. ೧೯೦೨ರಲ್ಲಿ ಥಿಯೊಡೊರ್ ರೂಸ್‌ವೆಲ್ಟ್ ಅಧ್ಯಕ್ಷನಾಗಿದ್ದಾಗ ಅವನ ಸಂಸಾರದಲ್ಲಿ ಕ್ರಿಸ್ಮಸ್ ಮರ ಇಡುವ ವಾಡಿಕೆ ಇರಲಿಲ್ಲ. ಎಂಟು ವರ್ಷದ ಮಗ ಆರ್ಚಿ ಶ್ವೇತಭವನದ ದೊಡ್ಡ ಗೋಡೆಬೀರುವೊಂದರಲ್ಲಿ ಗುಟ್ಟಾಗಿ ಪುಟ್ಟ ಮರವೊಂದನ್ನು ಸಿದ್ಧಪಡಿಸಿ, ಮನೆಯವರಿಗೆಲ್ಲ, ಸಾಕಿದ ನಾಯಿ ಬೆಕ್ಕುಗಳಿಗೆ ಕೂಡ, ಉಡುಗೊರೆ ಕಟ್ಟಿಟ್ಟಿದ್ದನಂತೆ. ತಂದೆಯೇ ಇದನ್ನು ಸಂತೋಷದಿಂದ ಪತ್ರವೊಂದರಲ್ಲಿ ಬರೆದಿದ್ದಾನೆ. ಈ ಕಥೆಯನ್ನು ಹೇಳಿದಾಗ ತಂಗಿಯ ಯಜಮಾನರು ನಕ್ಕು ಸೋಲೊಪ್ಪಿದರು.

ಉಳಿದವರು ನನ್ನ ತಾಯಿ. ಅವರ ಆಕ್ಷೇಪಣೆ ಧರ್ಮದ್ದಲ್ಲ, ಮರದ್ದು. ಹಸಿಮರವನ್ನು ನಾಲ್ಕು ದಿನದ ಸೊಗಸಿಗಾಗಿ ಕಡಿಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಅಲಂಕಾರದ ಮೇಲೆ ಎಷ್ಟು ಆಸೆಯಿದ್ದರೂ ಮರಗಿಡಗಳ ಮೇಲಣ ಪ್ರೀತಿಯಿಂದ ಒಂದು ಚಿಗುರನ್ನೂ ಕೀಳದವಳು ಕಾಳಿದಾಸನ ಶಕುಂತಲೆ. ‘ರಘುವಂಶ’ದಲ್ಲಿ ಶಿವ ಮಗನೆಂದು ಸ್ವೀಕರಿಸಿದ ದೇವದಾರುವಿನ ತೊಗಟೆಯನ್ನು ಆನೆಯೊಂದು ಉಜ್ಜಿ ಸುಲಿದಾಗ ಪಾರ್ವತಿ ಪುತ್ರಶೋಕವನ್ನೇ ಪಟ್ಟಳು. ತಾಯಿಯವರು ಕಾಳಿದಾಸನನ್ನು ಓದಿದವರಲ್ಲ. ಆದರೆ ಸಂಜೆಯಾದ ಮೇಲೆ ತುಳಸಿಯ ದಳ ಕೀಳಗೊಡುತ್ತಿರಲಿಲ್ಲ. ಗಿಡ ಮಲಗಿರುತ್ತದೆ ಎನ್ನುತ್ತಿದ್ದರು. ಕೊನೆಗೆ ಮೊಮ್ಮಗಳ ಮುಖ ನೋಡಿ ಒಂದು ಕರಾರಿನ ಮೇಲೆ ಒಪ್ಪಿದರು: ಕಡಿಯುವುದಾದರೆ ಹೊತ್ತು ಮುಳುಗುವ ಮುಂಚೆ ಕಡಿಯಬೇಕು.

ಡಿಸೆಂಬರಿನ ಮೊದಲ ಶನಿವಾರ ನಾವೆಲ್ಲ ಹೊರಟೆವು. ಷಾರ್ಲಟ್ಟಿನಿಂದ ವಾಯವ್ಯಕ್ಕೆ ಸುಮಾರು ನೂರು ಮೈಲಿ ದೂರದಲ್ಲಿ ಆಷ್ ಎಂಬ ಜಿಲ್ಲೆಯಿದೆ. ಕ್ರಿಸ್ಮಸ್ ಮರದ ಬೆಳೆಯಲ್ಲಿ ಅಮೆರಿಕಕ್ಕೆಲ್ಲ ಮೊದಲನೆಯದು ಆರೆಗಾನ್ ರಾಜ್ಯ, ಎರಡನೆಯದು ಉತ್ತರ ಕೆರೊಲಿನಾ. ಆ ರಾಜ್ಯದೊಳಗೆ ಅಗ್ರಸ್ಥಾನ ಈ ಆಷ್ ಜಿಲ್ಲೆಯದು. ರಸ್ತೆ ಬಯಲನ್ನು ಬಿಟ್ಟು ಅಪಲೇಚಿಯನ್ ಬೆಟ್ಟಗಳನ್ನು ಏರುತ್ತ ಹೋದಂತೆ ಎರಡು ಕಡೆಯ ಕಾಡು ಎಲೆಯುದುರಿ ಬೋಳಾಗಿ ನಿಂತಿತ್ತು. ಓಕ್, ಮೇಪಲ್ ಮರಗಳು ಕೊಂಬೆಗಳನ್ನು ಆಕಾಶಕ್ಕೆ ಚಾಚಿಕೊಂಡು ಬೂದು ಬಣ್ಣದ ಮೌನದಲ್ಲಿ ಮುಳುಗಿದ್ದುವು. ಮಾಗಿಯಲ್ಲಿಯೂ ಹಸುರಾಗಿಯೇ ಇರುವ ಮಲೆನಾಡನ್ನು ಕಂಡವರಿಗೆ ಆ ಬೋಳುತನದ ಅರ್ಥ ಆಗುವುದು ಕಷ್ಟ. ಆ ಬೂದಿಯ ನಡುವೆ ಫಕ್ಕನೆ ಒಂದು ಗುಡ್ಡದ ಇಳಿಜಾರು ಕಡುಹಸುರಾಗಿ ಕಂಡಾಗ, ಚಳಿಯ ನಾಡಿನ ಜನ ಏಕೆ ಈ ಮರವನ್ನೇ ಹಬ್ಬಕ್ಕೆ ಆರಿಸಿಕೊಂಡರು ಎಂಬುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಎಲ್ಲವೂ ಸತ್ತಂತೆ ತೋರುವ ಕಾಲದಲ್ಲಿ, ಸಾಯದೆ ಇರುವುದೊಂದಿದೆ ಎಂದು ಹೇಳುವ ಮರ ಅದು.

ಆ ಚಳಿಗಾಲದಲ್ಲಿ ಆ ಮಾತಿಗೆ ಹೆಚ್ಚಿನ ಅರ್ಥವಿತ್ತು. ೨೦೨೪ರ ಸೆಪ್ಟೆಂಬರ್ ಕೊನೆಯ ವಾರ ಹೆಲೀನ್ ಚಂಡಮಾರುತ ಈ ಬೆಟ್ಟಸೀಮೆಯ ಮೇಲೆ ಮಳೆಯನ್ನು ಸುರಿದು ಹೋಗಿತ್ತು. ಗುಡ್ಡಗಳು ಜರಿದವು, ರಸ್ತೆ ಸೇತುವೆಗಳು ಕೊಚ್ಚಿಹೋದವು, ಬಹಳ ಜನ ಸತ್ತರು. ಎಷ್ಟೋ ತೋಟಗಳ ಮರಗಳು ಮಣ್ಣಿನೊಡನೆ ಇಳಿದುಹೋದವು. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದುದನ್ನು ಬಲ್ಲ ನಮಗೆ ಆ ದೃಶ್ಯ ಅಪರಿಚಿತವಲ್ಲ. ದಾರಿಯ ಬದಿಯ ಹಳ್ಳಗಳಲ್ಲಿ ಬೇರುಸಹಿತ ಬಿದ್ದ ಮರಗಳೂ ಮುರಿದ ಹಲಗೆಗಳೂ ಎರಡು ತಿಂಗಳಾದರೂ ಹಾಗೆಯೇ ಇದ್ದುವು. ಆದರೂ ತೋಟದವರು ಹಬ್ಬಕ್ಕೆ ಮರ ಕಳುಹಿಸುವುದನ್ನು ನಿಲ್ಲಿಸಲಿಲ್ಲ. ಆ ವರ್ಷ ಶ್ವೇತಭವನದ ನೀಲಿ ಕೋಣೆಯಲ್ಲಿ ನಿಂತ ಮರ ಇದೇ ಬೆಟ್ಟಸೀಮೆಯ ಏವರಿ ಜಿಲ್ಲೆಯಿಂದಲೇ ಹೋದದ್ದು.

ನಾವು ಹೋದ ತೋಟ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲೆ, ಎಂದರೆ ಸುಮಾರಾಗಿ ಬೆಂಗಳೂರಿನ ಎತ್ತರದಲ್ಲಿ ಇತ್ತು. ಅಲ್ಲಿ ಬೆಳೆಯುವುದು ಫ್ರೇಜರ್ ಫರ್. ೧೮ನೆಯ ಶತಮಾನದ ಕೊನೆಯಲ್ಲಿ ಈ ಬೆಟ್ಟಗಳನ್ನು ಸುತ್ತಿ ಸಸ್ಯಸಂಗ್ರಹ ಮಾಡಿದ ಸ್ಕಾಟ್ಲೆಂಡಿನ ಜಾನ್ ಫ್ರೇಜರನ ಹೆಸರು ಇದಕ್ಕೆ ನಿಂತಿದೆ. ಕಿರುಬೆರಳಿನ ಅರ್ಧದಷ್ಟು ಉದ್ದದ ಮೆತ್ತನೆಯ ಸೂಜಿಯೆಲೆ. ಮಗುಚಿ ನೋಡಿದರೆ ಅಡಿಯಲ್ಲಿ ಎರಡು ಬೆಳ್ಳಿಗೆರೆ. ಎಲೆಯನ್ನು ಹಿಸುಕಿದರೆ ಕಿತ್ತಳೆಯ ಸಿಪ್ಪೆಯನ್ನೂ ಕರ್ಪೂರವನ್ನೂ ನೆನಪಿಗೆ ತರುವ ಪರಿಮಳ. ಕಡಿದ ಮೇಲೂ ಬಹಳ ದಿನ ಎಲೆ ಉದುರದಿರುವುದು ಇದರ ಹೆಚ್ಚುಗಾರಿಕೆ.

ಈ ಮರದ ಬಾಳಿನಲ್ಲಿ ಒಂದು ವಿಪರ್ಯಾಸವಿದೆ. ಇದರ ಸಹಜವಾದ ನೆಲೆ ದಕ್ಷಿಣ ಅಪಲೇಚಿಯನ್ ಪರ್ವತಗಳ ನೆತ್ತಿ ಮಾತ್ರ. ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಎತ್ತರವಾದ, ೬೬೮೪ ಅಡಿಯ ಮಿಚೆಲ್ ಶಿಖರದಂಥ ಕೆಲವೇ ಸ್ಥಳಗಳು. ಯೂರೋಪಿನಿಂದ ಬಂದ ಒಂದು ಅತಿ ಸಣ್ಣ ಹೇನಿನ ಜಾತಿಯ ಕೀಟ ೧೯೫೦ರ ದಶಕದಲ್ಲಿ ಆ ಶಿಖರಗಳನ್ನು ಮುಟ್ಟಿತು. ತೊಗಟೆಗೆ ಅಂಟಿಕೊಂಡು ರಸ ಹೀರಿ ಹಳೆಯ ಮರಗಳನ್ನು ರಾಶಿರಾಶಿಯಾಗಿ ಕೊಂದಿತು. ಕಾಡಿನಲ್ಲಿ ಈ ಮರ ಇಂದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಕೆಳಗಿನ ತೋಟಗಳಲ್ಲಾದರೋ ಲಕ್ಷಗಟ್ಟಲೆ ನಳನಳಿಸುತ್ತಿದೆ. ಕಾಡಿನ ಮರ ಕಾವಲಿಲ್ಲದೆ ಸಾಯುತ್ತಿದೆ. ಕಡಿಯುವುದಕ್ಕೆಂದೇ ನೆಟ್ಟ ಮರ ಮನುಷ್ಯನ ಆರೈಕೆಯಲ್ಲಿ ಬದುಕುತ್ತಿದೆ. ಇವುಗಳಲ್ಲಿ ಯಾವುದು ‘ನಿಜವಾದ’ ಮರ?

ಆರೈಕೆ ಎಂದರೆ ಸಾಮಾನ್ಯವಾದುದಲ್ಲ. ಬೀಜದಿಂದ ಹುಟ್ಟಿದ ಸಸಿ ಮೊದಲ ಕೆಲವು ವರ್ಷ ಪಾತಿಯಲ್ಲೇ ಕಳೆಯುತ್ತದೆ. ಆಮೇಲೆ ಐದೈದು ಅಡಿ ಅಂತರದಲ್ಲಿ ಇಳಿಜಾರಿನ ಹೊಲಕ್ಕೆ ನಾಟಿಯಾಗುತ್ತದೆ. ಆಳೆತ್ತರ ಬರುವ ಹೊತ್ತಿಗೆ ಹುಟ್ಟಿದಂದಿನಿಂದ ಹತ್ತು ಹನ್ನೆರಡು ವರ್ಷ ಸಂದಿರುತ್ತದೆ. ಪ್ರತಿ ಬೇಸಗೆಯಲ್ಲೂ ಆಳುಗಳು ಉದ್ದನೆಯ ಕತ್ತಿ ಹಿಡಿದು ಒಂದೊಂದು ಮರವನ್ನೂ ಸುತ್ತಿ ಸವರಿ ಗೋಪುರದ ಆಕಾರಕ್ಕೆ ತರುತ್ತಾರೆ. ಈ ಕೆಲಸಕ್ಕೆ ಬರುವವರು ಬಹುಮಟ್ಟಿಗೆ ಮೆಕ್ಸಿಕೋ ದೇಶದವರು. ತಮ್ಮ ಹೆಂಡಿರು ಮಕ್ಕಳನ್ನು ಊರಿನಲ್ಲಿ ಬಿಟ್ಟು ತಿಂಗಳುಗಟ್ಟಲೆ ಇಲ್ಲಿ ದುಡಿದು ಹಿಂದಿರುಗುವವರು. ‘ಪ್ರಕೃತಿಯ ಸೌಂದರ್ಯ’ವೆಂದು ನಾವು ಮೆಚ್ಚುವ ಆ ಹಸುರು ಗೋಪುರದ ಹಿಂದೆ ಎಷ್ಟೋ ಬೇಸಗೆಗಳ ಬೆವರಿದೆ.

ಪ್ರವೇಶದ ಬಳಿ ಒಬ್ಬ ವೃದ್ಧ ರೈತ ನಮ್ಮ ಕೈಗೆ ಒಂದು ಗರಗಸವನ್ನೂ, ಅಳತೆಯ ಕೋಲನ್ನೂ ಕೊಟ್ಟು ಇಳಿಜಾರನ್ನು ತೋರಿಸಿದ. ಬೆಲೆ ಅಡಿಯ ಲೆಕ್ಕ. ಹುಡುಕಾಟ ಆರಂಭವಾಯಿತು. ಭಾದ್ರಪದದಲ್ಲಿ ಕುಂಬಾರಗೇರಿಯಲ್ಲಿ ಗಣಪನನ್ನು ಆರಿಸಿದವರಿಗೆ ಈ ಸಡಗರ ಹೊಸದಲ್ಲ. ಸಾಲುಸಾಲಾಗಿ ಕುಳಿತ ನೂರು ಗಣಪಗಳೂ ಒಂದೇ ಅಚ್ಚಿನವು. ಆದರೂ ಒಂದರ ಸೊಂಡಿಲು ಮೊಂಡು, ಒಂದರ ಕಣ್ಣು ಗದರಿಸಿದಂತೆ, ಕೊನೆಗೆ ಯಾವುದೋ ಒಂದು ನಮ್ಮನ್ನೇ ನೋಡಿ ನಕ್ಕಂತಾಗಿ ಅದು ನಮ್ಮ ಗಣಪನಾಗುತ್ತದೆ. ಇಲ್ಲಿಯೂ ಹಾಗೆಯೇ. ಒಂದು ಮರ ತೀರ ದಪ್ಪ. ಒಂದಕ್ಕೆ ಎರಡು ತುದಿ. ಒಂದು ಅಂದವಾಗಿದೆ, ಆದರೆ ಮನೆಯ ಮಾಳಿಗೆಗೆ ತಗುಲುತ್ತದೆ. ಹುಡುಗ ಪ್ರತಿಯೊಂದು ಮರವೂ ತನಗೆ ಒಪ್ಪಿಗೆಯೆಂದು ಸಾರಿದ. ಹುಡುಗಿ ಯಾವುದನ್ನೂ ಒಪ್ಪದೆ ಸಾಲಿನಿಂದ ಸಾಲಿಗೆ ನಡೆದಳು. ನಾಲ್ಕು ಗಂಟೆಯಾಗಿತ್ತು. ಅಲ್ಲಿ ಆ ತಿಂಗಳು ಐದು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ತಾಯಿಯವರು ಪಡುವಣ ಬೆಟ್ಟವನ್ನು ನೋಡುತ್ತಿದ್ದರು.

ಆಗ ಹುಡುಗಿಯ ಕೂಗು ಕೇಳಿಸಿತು. ಅವಳು ನಿಂತಿದ್ದುದು ನಿಜವಾಗಿಯೂ ಆ ಇಳಿಜಾರಿಗೇ ಚೆಲುವಾದ ಮರದ ಮುಂದೆ. ಎಲ್ಲ ಕಡೆಯಿಂದಲೂ ತುಂಬಿದ, ನೆಟ್ಟಗೆ ನಿಂತ, ಆರೂವರೆ ಅಡಿಯ ಮರ. ತಂದೆ ಗರಗಸ ಹಿಡಿದು ಬಗ್ಗಿ ಕೆಳಗಿನ ರೆಂಬೆಗಳನ್ನು ಸರಿಸಿದರು. ಆಗಲೇ ಹುಡುಗ ಒಳಗಿನ ಕವಲಿನತ್ತ ಬೆರಳು ತೋರಿಸಿದ್ದು: ಬೊಗಸೆಯಗಲದ ಒಂದು ಹಕ್ಕಿಯ ಗೂಡು, ಒಣಹುಲ್ಲಿನಿಂದ ಹೆಣೆದು, ಒಳಗೆ ಕೂದಲೆಳೆಯಂಥ ನಾರಿನ ಮೆತ್ತೆ. ಗೂಡು ಖಾಲಿಯಾಗಿತ್ತು.

ರೈತ ಹತ್ತಿರ ಬಂದು ನೋಡಿ ಸಂತೋಷಪಟ್ಟ. “ನಿಮ್ಮ ಅದೃಷ್ಟ ದೊಡ್ಡದು. ಗೂಡಿರುವ ಮರ ಮನೆಗೆ ಬಂದರೆ ವರ್ಷವೆಲ್ಲ ಶುಭವಾಗುತ್ತದೆ. ಇದಕ್ಕಾಗಿಯೇ ಹುಡುಕಿಕೊಂಡು ಬರುವವರಿದ್ದಾರೆ” ಎಂದ. ಇದು ಆ ಜನರಲ್ಲಿ ಹಳೆಯ ನಂಬಿಕೆ. ತಂಗಿ ಇದನ್ನು ತಾಯಿಯವರಿಗೆ ಕನ್ನಡದಲ್ಲಿ ಹೇಳಿದಳು. ತಾಯಿಯವರ ಮುಖ ಗಂಭೀರವಾಯಿತು. “ಗೂಡು ಕಟ್ಟಿದ ಮರವನ್ನು ಕಡಿಯಬಾರದು, ಮಗು” ಎಂದರು, ಅಷ್ಟೆ. ಒಂದೇ ಗೂಡು, ಒಬ್ಬರ ಸಂಪ್ರದಾಯದಲ್ಲಿ ಕಡಿಯುವುದಕ್ಕೆ ಕಾರಣ, ಇನ್ನೊಬ್ಬರ ಸಂಪ್ರದಾಯದಲ್ಲಿ ಕಡಿಯದಿರುವುದಕ್ಕೆ ಕಾರಣ. ಇಬ್ಬರೂ ಮುದುಕರು, ಇಬ್ಬರೂ ಮರ ಬೆಳೆಸಿದವರು, ಇಬ್ಬರೂ ಹೇಳಿದ್ದು ಮಗುವಿನ ಒಳ್ಳೆಯದಕ್ಕೆ. ನಡುವೆ ಹತ್ತು ವರ್ಷದ ಹುಡುಗಿ, ಕೈಯನ್ನು ಮರದ ಮೇಲಿಟ್ಟುಕೊಂಡು ನಿಂತಿದ್ದಳು.

ದೊಡ್ಡವರಾದ ನಾವು ವಾದಕ್ಕಿಳಿದೆವು. ಹಕ್ಕಿಗಳು ಹಳೆಯ ಗೂಡಿಗೆ ಹಿಂದಿರುಗುವುದು ಅಪರೂಪ ಎಂದು ತಂದೆ ಹೇಳಿದರು. ಅದು ಸರಿಯಾದ ಮಾತೇ. ನಾವು ಬಿಟ್ಟುಹೋದರೂ ನಾಳೆ ಇನ್ನೊಬ್ಬರು ಕಡಿದೊಯ್ಯುತ್ತಾರೆ ಎಂದರು, ಅದೂ ಸರಿಯೇ. ಹುಡುಗಿ ಎಲ್ಲವನ್ನೂ ಕೇಳಿದಳು. ರೈತನಿಗೆ ಅವನ ಭಾಷೆಯಲ್ಲಿ ಏನೋ ಕೇಳಿ ಉತ್ತರ ಪಡೆದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, ಹುಡುಕಿ ಹುಡುಕಿ ಪದ ಜೋಡಿಸುವ ತನ್ನ ಕನ್ನಡದಲ್ಲಿ, “ಬೇರೆಯವರು ಕಡಿಯಬಹುದು, ಅಜ್ಜಿ. ನಾವು ಕಡಿಯುವುದು ಬೇಡ” ಎಂದಳು. ಕಣ್ಣಿನಲ್ಲಿ ನೀರು ತುಂಬಿತ್ತು. ಮರ ಅವಳಿಗೆ ಅಷ್ಟು ಹಿಡಿಸಿತ್ತು.

ನ್ಯಾಯಶಾಸ್ತ್ರದ ದೃಷ್ಟಿಯಿಂದ ಆ ತೀರ್ಮಾನದಲ್ಲಿ ದೋಷ ಹುಡುಕುವುದು ಕಷ್ಟವಲ್ಲ. ಗೂಡು ಉಳಿಯಿತೆಂಬ ಭರವಸೆ ಇಲ್ಲ; ಕಡಿದದ್ದು ಹೇಗೂ ಇನ್ನೊಂದು ಮರವನ್ನೇ. ಆದರೆ ಧರ್ಮವೆನ್ನುವುದು ಬಹುಶಃ ಲೋಕದಲ್ಲಿ ಏನು ನಡೆಯುತ್ತದೆ ಎಂಬ ಲೆಕ್ಕವಲ್ಲ. ನನ್ನ ಕೈ ಏನು ಮಾಡುತ್ತದೆ ಎಂಬ ಎಚ್ಚರ. ನಾನು ಅಲ್ಲಿಯವರೆಗೆ ಆ ಮಗುವಿಗೆ ಕನ್ನಡ ಎಷ್ಟು ಬರುತ್ತದೆ, ಎಷ್ಟು ಪದ ಮರೆತಿದ್ದಾಳೆ ಎಂದು ಮೇಷ್ಟರ ಚಟದಿಂದ ಎಣಿಸುತ್ತಿದ್ದೆ. ಆ ಸಂಜೆ ಎಣಿಕೆ ನಿಂತಿತು. ಭಾಷೆ ಒಂದು ಮನೆಯಲ್ಲಿ ಉಳಿಯುವುದೆಂದರೆ ಇದೇ ಇರಬೇಕು: ಕಷ್ಟದ ನಿರ್ಧಾರವನ್ನು ಹೇಳಬೇಕಾದಾಗ ಅದನ್ನು ಯಾವ ಭಾಷೆಯಲ್ಲಿ, ಯಾರಿಗೆ ಹೇಳಬೇಕೆನಿಸುತ್ತದೆ ಎನ್ನುವುದು.

ಅದೇ ಸಾಲಿನ ಕೊನೆಯಲ್ಲಿ ಬೇಲಿಗೆ ಒತ್ತಿ ಬೆಳೆದ ಮರವೊಂದಿತ್ತು. ಒಂದು ಮಗ್ಗುಲು ಬೋಳು. ಹುಡುಗನಿಗೆ ಅದು ಮೊದಲೇ ಒಪ್ಪಿಗೆಯಾಗಿತ್ತು. ಬೋಳು ಮಗ್ಗುಲನ್ನು ಗೋಡೆಗೆ ಮಾಡಿ ನಿಲ್ಲಿಸಿದರಾಯಿತು ಎಂದು ರೈತನೇ ಹೇಳಿಕೊಟ್ಟ. ಬೆಲೆಯಲ್ಲಿಯೂ ಸ್ವಲ್ಪ ಬಿಟ್ಟ. ಬೀಜ ಮೊಳೆತು ಎಷ್ಟು ವರ್ಷವಾಗಿರಬಹುದು ಎಂದು ಕೇಳಿದ್ದಕ್ಕೆ, ಹತ್ತರ ಮೇಲಾಗಿದೆ ಎಂದ. “ನನ್ನಷ್ಟೇ ವಯಸ್ಸು” ಎಂದು ಹುಡುಗಿ ಮೆಲ್ಲನೆ ಹೇಳಿಕೊಂಡಳು. ತಾಯಿಯವರು ಕೈಯಲ್ಲಿದ್ದ ಸೀಸೆಯ ನೀರನ್ನು ಬುಡಕ್ಕೆ ಹೊಯ್ದು, ಕಾಂಡವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಕ್ಕಳಿಬ್ಬರೂ ಹಾಗೆಯೇ ಮಾಡಿದರು. ರೈತ ಅವಸರಪಡಿಸದೆ ನಿಂತಿದ್ದ. ಬೆಟ್ಟದ ಮೇಲೆ ಇನ್ನೂ ಒಂದು ಗೇಣು ಬಿಸಿಲಿತ್ತು. ಗರಗಸ ನಾಲ್ಕು ನಿಮಿಷ ಆಡಿತು, ಮರ ಸದ್ದಿಲ್ಲದೆ ಪಕ್ಕಕ್ಕೆ ಒರಗಿತು, ಪರಿಮಳ ಎದ್ದಿತು. ಯಂತ್ರವೊಂದರ ಬಾಯಿಂದ ಹಾಯಿಸಿ ಅದನ್ನು ಬಲೆಯಲ್ಲಿ ಬಿಗಿದು ಕಾರಿನ ನೆತ್ತಿಗೆ ಕಟ್ಟಿದರು. ಹಿಂದಿರುಗುವಾಗ ಬಹಳ ಹೊತ್ತು ಸುಮ್ಮನಿದ್ದ ತಾಯಿಯವರು, “ಆ ಮರವೂ ಬಹಳ ಚೆನ್ನಾಗಿತ್ತು, ಪಾಪ” ಎಂದರು. ಮೊಮ್ಮಗಳು ಅವರ ತೋಳಿಗೆ ಒರಗಿ ನಿದ್ದೆಹೋಗಿದ್ದಳು.

ಮನೆಗೆ ಬಂದ ಮೇಲೆ ಬುಡವನ್ನು ಮತ್ತೆ ಅರ್ಧ ಅಂಗುಲ ಕತ್ತರಿಸಬೇಕು. ಇಲ್ಲದಿದ್ದರೆ ಕಡಿದ ಬಾಯಿಗೆ ರಾಳ ಕಟ್ಟಿಕೊಂಡು ನೀರು ಏರುವುದಿಲ್ಲ. ನೀರು ತುಂಬಿದ ಪಾತ್ರೆಯ ಕಬ್ಬಿಣದ ಪೀಠದಲ್ಲಿ ಅದನ್ನು ನಿಲ್ಲಿ‌ಸಿದರು. ಮೊದಲ ದಿನವೇ ಮೂರು ನಾಲ್ಕು ಲೀಟರ್ ನೀರು ಕುಡಿಯಿತು. ನೀರು ಹಾಕುವ ಹೊಣೆ ಹೊತ್ತ ಹುಡುಗ, “ಕಡಿದ ಮರಕ್ಕೆ ಬಾಯಾರಿಕೆ ಹೇಗೆ ಆಗುತ್ತದೆ, ಮಾವ?” ಎಂದು ಕೇಳಿದ. ಹೂದಾನಿಯ ಹೂವಿನಂತೆ, ಬೇರು ಹೋದರೂ ಎಲೆ ಬದುಕಿರುವವರೆಗೆ ಕಾಂಡ ನೀರನ್ನು ಸೆಳೆಯುತ್ತಲೇ ಇರುತ್ತದೆ ಎಂದು ಹೇಳಿದೆ. ಅವನಿಗೆ ಸಮಾಧಾನವಾಯಿತು, ದಿನಕ್ಕೆ ಎರಡು ಬಾರಿ ಮರವನ್ನು ವಿಚಾರಿಸಿಕೊಳ್ಳತೊಡಗಿದ. ಪ್ಲಾಸ್ಟಿಕ್ಕಿನ ಮರ ಏಳೆಂಟು ವರ್ಷದಲ್ಲಿ ಆ ಮನೆಯ ಯಾರಿಂದಲೂ ಒಂದು ತಂಬಿಗೆ ನೀರನ್ನು ಬೇಡಿರಲಿಲ್ಲ.

ಅಲಂಕಾರದ ದಿನ ತಾಯಿಯವರು ತಮ್ಮ ಪೆಟ್ಟಿಗೆಯಿಂದ ಮಕ್ಕಳಿಗೆಂದು ತಂದಿದ್ದ ಚನ್ನಪಟ್ಟಣದ ಪುಟ್ಟ ಮರದ ಬೊಂಬೆಗಳನ್ನು ತೆಗೆದು ದಾರ ಕಟ್ಟಿಕೊಟ್ಟರು. ದಸರೆಯ ಬೊಂಬೆಯ ಹಬ್ಬಕ್ಕೆ ಪ್ರತಿ ವರ್ಷ ಒಂದಾದರೂ ಹೊಸ ಬೊಂಬೆ ಸೇರಬೇಕೆಂಬುದು ನಮ್ಮ ಮನೆಗಳ ನಿಯಮ. ಅಲ್ಲಿಯ ಮನೆಗಳಲ್ಲೂ ಮರಕ್ಕೆ ತೂಗುವ ಆಭರಣಗಳಿಗೆ ಅದೇ ನಿಯಮವಿದೆಯೆಂದು ತಂಗಿ ಹೇಳಿದಳು. ಹೇಳುತ್ತ ಹೇಳುತ್ತಲೇ ಅವಳ ಹಳೆಯ ಅಳುಕು ಎಲ್ಲಿಗೋ ಹೋಗಿತ್ತು. ಕಾಗದದ ನಕ್ಷತ್ರದ ಪಕ್ಕದಲ್ಲಿ ಅರಗಿನ ಬಣ್ಣದ ಕೆಂಪು ಆನೆ ತೂಗಾಡುತ್ತಿತ್ತು. ಕಿರೀಟವನ್ನೂ ಮೀಸೆಯನ್ನೂ ತೆಗೆದು ಚಿತ್ರವನ್ನು ತಮ್ಮದಾಗಿಸಿಕೊಂಡವರ ನಾಡಿನಲ್ಲಿ, ಒಂದು ಆನೆಯನ್ನು ಸೇರಿಸಿ ಮರವನ್ನು ನಮ್ಮದಾಗಿಸಿಕೊಳ್ಳಬಾರದೆಂದು ಯಾವ ಶಾಸ್ತ್ರವಿದೆ?

ನಿಜವಾದದ್ದು ಯಾವುದು ಎಂಬ ಪ್ರಶ್ನೆಗೆ ಆ ದಿನಗಳಲ್ಲಿ ನನಗೆ ದೊರೆತ ಉತ್ತರ ಇಷ್ಟು: ಯಾವುದನ್ನು ಆರಿಸುವಾಗ ಇನ್ನೊಂದನ್ನು ಬಿಡಬೇಕಾಗುತ್ತದೆಯೋ, ಯಾವುದು ದಿನವೂ ನಮ್ಮಿಂದ ಉಪಚಾರವನ್ನು ಬೇಡುತ್ತದೆಯೋ, ಯಾವುದನ್ನು ಕೊನೆಗೆ ಕೈಮುಗಿದು ಬೀಳ್ಕೊಡಬೇಕಾಗುತ್ತದೆಯೋ ಅದು ನಿಜ. ಮಣ್ಣಿನ ಗಣಪ ನಿಜವಾಗುವುದು ಕರಗುವುದರಿಂದ. ಕರಗದ ಪ್ಲಾಸ್ಟರಿನ ಗಣಪ ಕೆರೆಯ ದಡದಲ್ಲಿ ಮುರಿದು ಬಿದ್ದಿರುವುದನ್ನು ಕಂಡು ಯಾರಿಗೆ ಭಕ್ತಿ ಹುಟ್ಟೀತು? ಹೊಸ ವರ್ಷದ ಆರಂಭದಲ್ಲಿ ಅಲ್ಲಿಯ ಊರುಗಳಲ್ಲಿ ಒಣಗಿದ ಮರಗಳನ್ನು ಮನೆಗಳಿಂದ ಸಂಗ್ರಹಿಸಿ, ಯಂತ್ರಕ್ಕೆ ಕೊಟ್ಟು ಚೂರುಮಾಡಿ, ತೋಟಗಳ ಪಾತಿಗೆ ಹೊದಿಕೆಯಾಗಿ ಹರಡುತ್ತಾರೆ. ಅದೂ ಒಂದು ವಿಸರ್ಜನೆಯೇ.

ಬೆಟ್ಟದ ಮೇಲೆ, ಕಡಿದ ಮರದ ಮೋಟನ್ನು ಕೀಳುವುದಿಲ್ಲ. ಅದು ಅಲ್ಲಿಯೇ ಕೊಳೆತು ಮಣ್ಣಾಗಲೆಂದು ಬಿಡುತ್ತಾರೆ. ವಸಂತ ಬಂದಾಗ ಅದರ ಮಗ್ಗುಲಲ್ಲಿ ಒಂದು ಹೊಸ ಸಸಿಯನ್ನು ನೆಡುತ್ತಾರೆ ಎಂದು ರೈತ ಹೇಳಿದ್ದ. ಅದು ಆಳೆತ್ತರ ಬರುವ ಹೊತ್ತಿಗೆ ನನ್ನ ಸೋದರಸೊಸೆಗೆ ಹದಿನೆಂಟೋ ಇಪ್ಪತ್ತೋ ಆಗಿರುತ್ತದೆ. ಆ ಬೇಲಿಯ ಬದಿಯ ಜಾಗ ತನಗೆ ಚೆನ್ನಾಗಿ ನೆನಪಿದೆ ಎಂದು ಅವಳು ಅಜ್ಜಿಗೆ ಮಾತು ಕೊಟ್ಟಿದ್ದಾಳೆ. ಮಾತು ಕೊಟ್ಟದ್ದೂ ಕನ್ನಡದಲ್ಲಿ.